ಹದಿನಾರು ಕೆರೆಯ ಹೆಬ್ಬಾತು ಮತ್ತು ರೇಡಾರಿನ ಹುಸಿ ಚುಕ್ಕೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು. ಭಾಷೆಯ ಮೇಷ್ಟ್ರಿಗೆ ರೇಡಾರ್ ವಿಷಯ ಕೊಟ್ಟವರು ಯಾರು ಎಂದು ನೀವು ಕೇಳಬಹುದು. ಯಾರೂ ಕೊಡಲಿಲ್ಲ, ನಾನೇ ಆರಿಸಿಕೊಂಡೆ. ಪ್ರತಿ ವರ್ಷ ಇದೇ ವೇದಿಕೆಯಲ್ಲಿ ‘ಶಿಕ್ಷಣದ ಮಹತ್ವ’ ಎಂದು ಮಾತನಾಡಿ ನನಗೂ ಬೇಸರವಾಗಿದೆ, ಕೇಳಿ ಕೇಳಿ ನಿಮಗೂ ಬೇಸರವಾಗಿದೆ. ಮೇಲಾಗಿ ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಪುಸ್ತಕದಿಂದಲ್ಲ, ನಮ್ಮ ತಾಲ್ಲೂಕಿನ ಒಂದು ಕೆರೆಯ ಏರಿಯ ಮೇಲೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳು. ಎಂಟನೇ ತರಗತಿಯ ಮಕ್ಕಳನ್ನು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ವಿಜ್ಞಾನದ ಶಿಕ್ಷಕರಿಗೆ ಅಂದೇ ತರಬೇತಿ ಬಂತು. ಜವಾಬ್ದಾರಿ ನನ್ನ ತಲೆಗೆ ಬಿತ್ತು. ಆ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯವನ್ನು ದಾಟಿ, ನಮ್ಮ ಕಬಿನಿ ಬಯಲಿಗೆ ಇಳಿಯುತ್ತವೆ. ಟಿ. ನರಸೀಪುರ ತಾಲ್ಲೂಕಿನ ಕಗ್ಗಲೀಪುರ ಕೆರೆಯಲ್ಲೂ ಇವನ್ನು ನೋಡಬಹುದು. ಹಗಲೆಲ್ಲಾ ನೀರಿನಲ್ಲಿ ವಿಶ್ರಾಂತಿ, ಸಂಜೆಯಾದರೆ ಮೇವಿಗಾಗಿ ಗದ್ದೆ ಬಯಲಿನ ಕಡೆ ಹಾರಾಟ.

ಮಕ್ಕಳಿಗೆ ನಾನು ಕೊಟ್ಟ ಕೆಲಸ ಒಂದೇ. ಹೆಬ್ಬಾತುಗಳು ಎಷ್ಟಿವೆ ಎಣಿಸಿ. ಒಬ್ಬ ಹುಡುಗ ಮುನ್ನೂರರ ಹತ್ತಿರ ಬರೆದ. ಪರೀಕ್ಷಿಸಿ ನೋಡಿದರೆ ಅದರಲ್ಲಿ ನಾಮದ ಕೋಳಿಗಳೂ ಇದ್ದವು, ಬೆಳ್ಳಕ್ಕಿಗಳೂ ಇದ್ದವು, ನೀರಿನಿಂದ ಮೇಲೆದ್ದ ಒಂದೆರಡು ಮರದ ಬೊಡ್ಡೆಗಳೂ ಇದ್ದಿರಬೇಕು. ಒಬ್ಬಳು ಹುಡುಗಿ ನೂರನ್ನೂ ದಾಟಲಿಲ್ಲ. ತಲೆಯ ಪಟ್ಟೆ ಕಣ್ಣಿಗೆ ಸ್ಪಷ್ಟವಾಗಿ ಕಂಡ ಹಕ್ಕಿಯನ್ನು ಮಾತ್ರ ಬರೆದಿದ್ದಳು. ಆಚೆ ದಡದ ಹಿಂಡನ್ನು ಪೂರ್ತಿ ಬಿಟ್ಟಿದ್ದಳು. ನಾನು ಹುಡುಗಿಯನ್ನು ಹೊಗಳಿದೆ, ಹತ್ತಕ್ಕೆ ಹತ್ತು ಕೊಟ್ಟೆ. ಹುಡುಗನನ್ನು ಎಲ್ಲರೆದುರು ಗದರಿಸಿದೆ. ಹೊರಡುವ ಮುನ್ನ ಅಲ್ಲಿಗೆ ಬಂದಿದ್ದ ಪಕ್ಷಿ ವೀಕ್ಷಕರೊಬ್ಬರು ತಮ್ಮ ದುರ್ಬೀನನ್ನು ಕೈಗೆ ಕೊಟ್ಟರು. ಆಚೆ ದಡದಲ್ಲಿದ್ದವೆಲ್ಲಾ ಹೆಬ್ಬಾತುಗಳೇ!

ಹುಡುಗ ಇಲ್ಲದ್ದನ್ನು ಇದೆ ಎಂದ. ಹುಡುಗಿ ಇದ್ದದ್ದನ್ನು ಬಿಟ್ಟಳು. ಮೊದಲನೆಯದು ತಪ್ಪು, ಎರಡನೆಯದು ಎಚ್ಚರಿಕೆ ಎಂದು ನಾನು ತೀರ್ಪು ಕೊಟ್ಟುಬಿಟ್ಟಿದ್ದೆ. ಆ ತೀರ್ಪು ಅವಸರದ್ದು ಎಂಬುದು ನನಗೆ ಮನದಟ್ಟಾದದ್ದು ಬಹಳ ದಿನಗಳ ನಂತರ, ರೇಡಾರಿನ ಬಗ್ಗೆ ಓದುವಾಗ. ಆಕಾಶವನ್ನು ಕಾಯುವ ರೇಡಾರಿಗೂ ಇದೇ ಕೆಲಸ, ಇದೇ ಎರಡು ತಪ್ಪು. ಅದರ ಮುಂದೆ ಹಾರುವುದೂ ಎಷ್ಟೋ ವೇಳೆ ಇದೇ ಹಕ್ಕಿಗಳು.

ರೇಡಾರ್ ಎಂದರೇನು? ಜನವಿಲ್ಲದ ಶಾದಿ ಮಹಲಿನಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಎದುರು ಗೋಡೆಗೆ ತಾಗಿ ಸದ್ದು ಮರಳುತ್ತದೆ. ಎಷ್ಟು ಹೊತ್ತಿಗೆ ಮರಳಿತು ಎಂದು ಅಳೆದರೆ ಗೋಡೆ ಎಷ್ಟು ದೂರ ಎಂಬುದು ಸಿಗುತ್ತದೆ. ರೇಡಾರ್ ಸದ್ದಿನ ಬದಲು ರೇಡಿಯೋ ಅಲೆಯನ್ನು ಕಳಿಸುತ್ತದೆ. ಅದರ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. 150 ಕಿಲೋಮೀಟರ್ ದೂರದ ವಿಮಾನಕ್ಕೆ ತಾಗಿ ವಾಪಸು ಬರಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಮರಳಿ ಬಂದ ಸದ್ದು ಪರದೆಯ ಮೇಲೆ ಒಂದು ಚುಕ್ಕೆಯಾಗಿ ಮೂಡುತ್ತದೆ.

ತೊಂದರೆ ಏನೆಂದರೆ, ಅಲೆಗೆ ವಿಮಾನ ಯಾವುದು ಹಕ್ಕಿ ಯಾವುದು ಎಂಬ ಭೇದವಿಲ್ಲ. ಹಕ್ಕಿಯ ಮೈಯಲ್ಲಿ ಬಹುಪಾಲು ನೀರು. ನೀರು ರೇಡಿಯೋ ಅಲೆಯನ್ನು ಚೆನ್ನಾಗಿಯೇ ಹಿಂದಕ್ಕೆ ಕಳಿಸುತ್ತದೆ. ಆದರೂ ಹಕ್ಕಿ ಎಲ್ಲಿ, ವಿಮಾನ ಎಲ್ಲಿ ಎನ್ನುತ್ತೀರಾ? ಒಂದು ಲೆಕ್ಕ ಮಾಡೋಣ. ಹತ್ತನೇ ತರಗತಿಯವರು ಪೆನ್ನು ತೆಗೆಯಿರಿ.

ರೇಡಾರಿನ ಕಣ್ಣಿಗೆ ಒಂದು ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಚದರ ಮೀಟರಿನಲ್ಲಿ ಹೇಳುತ್ತಾರೆ. ಒಂದು ವಿಮಾನ 10 ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಂದು ಸಣ್ಣ ಹಕ್ಕಿ 0.001 ಚದರ ಮೀಟರ್, ಅಂದರೆ ಬೆಂಕಿಪೊಟ್ಟಣದ ಮೇಲ್ಮೈಗಿಂತಲೂ ಚಿಕ್ಕದು. ವಿಮಾನ ಹಕ್ಕಿಗಿಂತ ಹತ್ತು ಸಾವಿರ ಪಟ್ಟು ದೊಡ್ಡದು. ಈಗ ದೂರವನ್ನು ಸೇರಿಸಿ. ಅಲೆ ಹೋಗುವಾಗಲೂ ಹರಡುತ್ತದೆ, ಬರುವಾಗಲೂ ಹರಡುತ್ತದೆ. ಆದ್ದರಿಂದ ಪ್ರತಿಧ್ವನಿಯ ಬಲ ದೂರದ ನಾಲ್ಕನೇ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಪ್ರತಿಧ್ವನಿ ಹದಿನಾರರಲ್ಲಿ ಒಂದು ಪಾಲು. ದೂರ ಹತ್ತು ಪಟ್ಟಾದರೆ ಹತ್ತು ಸಾವಿರದಲ್ಲಿ ಒಂದು ಪಾಲು. ಅಂದರೆ 100 ಕಿಲೋಮೀಟರ್ ದೂರದ ವಿಮಾನವೂ 10 ಕಿಲೋಮೀಟರ್ ದೂರದ ಸಣ್ಣ ಹಕ್ಕಿಯೂ ರೇಡಾರಿನ ಕಿವಿಗೆ ಸರಿಸಮ! ಇನ್ನು ಎರಡು ಮೂರು ಕಿಲೋ ತೂಗುವ ಹೆಬ್ಬಾತು, ಅದೂ ನೂರಿನ್ನೂರರ ಹಿಂಡು ಒಟ್ಟಿಗೆ ಎದ್ದರೆ ಕೇಳಬೇಕೆ?

ಇದು ರೇಡಾರ್ ಹುಟ್ಟಿದಂದಿನಿಂದ ಇರುವ ತಲೆನೋವು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕರಾವಳಿಯ ರೇಡಾರುಗಳಲ್ಲಿ ಯಾವ ವಿಮಾನಕ್ಕೂ ಹಡಗಿಗೂ ಹೊಂದದ ಪ್ರತಿಧ್ವನಿಗಳು ಬರತೊಡಗಿದವು. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಡೇವಿಡ್ ಲ್ಯಾಕ್ ಎಂಬ ಪಕ್ಷಿತಜ್ಞರಿದ್ದರು. ಯುದ್ಧಕ್ಕೆ ಮುಂಚೆ ಇವರು ಶಾಲಾ ಶಿಕ್ಷಕರು. (ನಮ್ಮ ವೃತ್ತಿಯವರು ಎಂದು ಹೇಳಿಕೊಳ್ಳಲು ನನಗೊಂದು ಹೆಮ್ಮೆ.) ಅವರ ಜೊತೆಗಾರ ಜಾರ್ಜ್ ವಾರ್ಲಿ ಕೀಟಶಾಸ್ತ್ರಜ್ಞ. ಅವು ಹಕ್ಕಿಗಳು ಎಂದು ಇವರು ಹೇಳಿದಾಗ ಎಲ್ಲರೂ ಕೂಡಲೇ ಒಪ್ಪಲಿಲ್ಲ. ಪರದೆಯ ಮೇಲೆ ಚುಕ್ಕೆ ಇದ್ದ ಜಾಗಕ್ಕೆ ದೂರದರ್ಶಕ ತಿರುಗಿಸಿ ನೋಡಿದರೆ ಕಡಲ ಹಕ್ಕಿ ಹಾರುತ್ತಿತ್ತು. 1945ರಲ್ಲಿ ಇಬ್ಬರೂ ‘ನೇಚರ್’ ಪತ್ರಿಕೆಯಲ್ಲಿ ಈ ವಿಷಯವನ್ನು ಪ್ರಕಟಿಸಿದರು.

ಮುಂದೆ ರೇಡಾರುಗಳ ಶಕ್ತಿ ಹೆಚ್ಚಿದಂತೆ ಕಾರಣ ತಿಳಿಯದ ಚುಕ್ಕೆಗಳೂ ಹೆಚ್ಚಿದವು. ರೇಡಾರಿನವರು ಅವಕ್ಕೆ ಇಟ್ಟ ಹೆಸರು ‘ಏಂಜೆಲ್’. ನಮ್ಮ ಉರ್ದುವಿನಲ್ಲಿ ಹೇಳಬೇಕೆಂದರೆ ಫರಿಶ್ತೆ, ಕನ್ನಡದಲ್ಲಿ ದೇವದೂತ! ಕಣ್ಣಿಗೆ ಕಾಣದೆ ಆಕಾಶದಲ್ಲಿ ಏನೋ ಇದೆ ಎಂದಾಗ ಎಂಜಿನಿಯರುಗಳಿಗೂ ಬೇರೆ ಪದ ಸಿಗಲಿಲ್ಲ ನೋಡಿ. ಇವುಗಳಲ್ಲಿ ಒಂದು ಬಗೆ ಬಹಳ ವಿಚಿತ್ರವಾಗಿತ್ತು. ಬೆಳಗಿನ ಜಾವ ಪರದೆಯ ಒಂದೇ ಜಾಗದಿಂದ, ಕೊಳಕ್ಕೆ ಕಲ್ಲು ಹಾಕಿದಾಗ ಏಳುವ ಹಾಗೆ, ಒಂದರ ಹಿಂದೆ ಒಂದು ಉಂಗುರ ಹರಡುತ್ತಿತ್ತು. ರಾತ್ರಿ ಸಾವಿರಾರು ಸಂಖ್ಯೆಯಲ್ಲಿ ಒಂದೇ ತೋಪಿನಲ್ಲಿ ತಂಗಿದ ಸ್ಟಾರ್ಲಿಂಗ್ ಹಕ್ಕಿಗಳು, ನಮ್ಮ ಕಬ್ಬಕ್ಕಿಯ ಬಳಗದವು, ಬೆಳಗಾದಾಗ ಅಲೆ ಅಲೆಯಾಗಿ ಸುತ್ತಲೂ ಚದುರುವಾಗ ಮೂಡುವ ಚಿತ್ರ ಅದು ಎಂದು ಕೊನೆಗೆ ತಿಳಿಯಿತು. ಮಾರ್ಕೋನಿ ಕಂಪನಿಯ ಎರಿಕ್ ಈಸ್ಟ್‌ವುಡ್ ಇಂತಹ ವರ್ಷಗಟ್ಟಲೆ ವೀಕ್ಷಣೆಗಳನ್ನು ಕೂಡಿಸಿ 1967ರಲ್ಲಿ ಒಂದು ಪುಸ್ತಕವನ್ನೇ ತಂದರು. ರೇಡಾರಿನವರು ಕಸ ಎಂದು ಎಸೆಯುತ್ತಿದ್ದುದನ್ನು ಪಕ್ಷಿಶಾಸ್ತ್ರದವರು ಹೆಕ್ಕಿಕೊಂಡರು. ರಾತ್ರಿ ಹೊತ್ತು, ಮೋಡದ ಮೇಲೆ, ಯಾರ ಕಣ್ಣಿಗೂ ಬೀಳದೆ ನಡೆಯುವ ವಲಸೆಯನ್ನು ಜನ ಮೊದಲು ಚೆನ್ನಾಗಿ ಕಂಡದ್ದು ಈ ಕಸದಲ್ಲೇ.

ಇನ್ನು ಈ ಹುಸಿ ಚುಕ್ಕೆಗಳನ್ನು ಕಡಿಮೆ ಮಾಡುವ ಬಗೆ. ಒಂದೇ ಮದ್ದು ಇಲ್ಲ, ಹಲವು ಇವೆ. ಪ್ರತಿ ಮದ್ದಿಗೂ ಒಂದು ಅಡ್ಡ ಪರಿಣಾಮ ಇದೆ. ಅದನ್ನೇ ನೀವು ಗಮನಿಸಬೇಕು.

ಮೊದಲನೆಯದು ಹತ್ತಿರದ ಕಿವಿಯನ್ನು ಮಂದ ಮಾಡುವುದು. ಪ್ರತಿಧ್ವನಿ ಹತ್ತಿರದಿಂದ ಬಂದರೆ ಜೋರು, ದೂರದಿಂದ ಬಂದರೆ ಕ್ಷೀಣ ಎಂದು ಈಗಷ್ಟೇ ಲೆಕ್ಕ ಮಾಡಿದೆವು. ಹಾಗಾದರೆ ಅಲೆ ಹೊರಟ ಕ್ಷಣದಲ್ಲಿ ರೇಡಾರಿನ ಕಿವಿಯನ್ನು ತಗ್ಗಿಸಿಟ್ಟು, ಹೊತ್ತು ಕಳೆದಂತೆ ನಾಲ್ಕನೇ ಘಾತದ ಲೆಕ್ಕದಲ್ಲೇ ಏರಿಸುತ್ತಾ ಹೋದರೆ, ಹತ್ತು ಕಿಲೋಮೀಟರಿನ ಹಕ್ಕಿ ತನ್ನ ನಿಜವಾದ ಅಳತೆಗೆ ಇಳಿಯುತ್ತದೆ. ನೂರು ಕಿಲೋಮೀಟರಿನ ವಿಮಾನ ವಿಮಾನವಾಗಿಯೇ ಉಳಿಯುತ್ತದೆ. ಅನಂತರ, ಇಷ್ಟು ಚದರ ಮೀಟರಿಗಿಂತ ಕಡಿಮೆ ಇರುವುದನ್ನು ತೋರಿಸಬೇಡ ಎಂದು ಒಂದು ಹೊಸ್ತಿಲು ಹಾಕಬಹುದು. ಬಹಳ ಜಾಣ ಉಪಾಯ. ಆದರೆ ಹಿಂಡಾಗಿ ಹಾರುವ ಹಕ್ಕಿಗಳು ಕೂಡಿ ಹೊಸ್ತಿಲನ್ನು ದಾಟಿಬಿಡುತ್ತವೆ. ಸಣ್ಣ ಡ್ರೋನ್ ಒಂದು ಬಂದರೆ ಅದು ಹಕ್ಕಿಯಷ್ಟೇ ಗಾತ್ರದ್ದಾದ್ದರಿಂದ ಹೊಸ್ತಿಲಿನ ಕೆಳಗೇ ಉಳಿದುಬಿಡುತ್ತದೆ.

ಎರಡನೆಯದು ವೇಗ ನೋಡುವುದು. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ತೀಕ್ಷ್ಣವಾಗಿ, ದಾಟಿ ಹೋಗುವಾಗ ತಗ್ಗುವುದನ್ನು ನೀವು ನಂಜನಗೂಡು ನಿಲ್ದಾಣದಲ್ಲೇ ಕೇಳಿದ್ದೀರಿ. ಅದೇ ಡಾಪ್ಲರ್ ಪರಿಣಾಮ. 23 ಸೆಂಟಿಮೀಟರ್ ತರಂಗಾಂತರದ ರೇಡಾರ್ ಇದೆ ಎನ್ನಿ. ಗಂಟೆಗೆ 54 ಕಿಲೋಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಎದುರು ಬರುವ ಹೆಬ್ಬಾತು ಅಲೆಯನ್ನು ಸುಮಾರು 130 ಹರ್ಟ್ಸ್‌ನಷ್ಟು ಬದಲಿಸುತ್ತದೆ. ಸೆಕೆಂಡಿಗೆ 230 ಮೀಟರ್ ವೇಗದ ವಿಮಾನ 2,000 ಹರ್ಟ್ಸ್‌ನಷ್ಟು ಬದಲಿಸುತ್ತದೆ. ಬೆಟ್ಟ, ಕಟ್ಟಡಗಳದ್ದು ಸೊನ್ನೆ. ನಿಂತದ್ದನ್ನು ಅಳಿಸುವ ವಿದ್ಯೆ ಮೊದಲೇ ಬಂದಿತ್ತು. ಹಕ್ಕಿ ಮಾತ್ರ ನಿಂತದ್ದೂ ಅಲ್ಲ, ವಿಮಾನದಷ್ಟು ವೇಗದ್ದೂ ಅಲ್ಲ. ಅದಕ್ಕಾಗಿ 1970ರ ದಶಕದಿಂದ ಒಂದೇ ಜರಡಿಯ ಬದಲು ವೇಗಕ್ಕೊಂದರಂತೆ ಹಲವು ಜರಡಿಗಳನ್ನು ಸಾಲಾಗಿ ಇಟ್ಟು ಸೋಸತೊಡಗಿದರು. ಆದರೂ ಒಂದು ತೊಡಕಿದೆ. ರೇಡಾರ್ ಅಳೆಯುವುದು ತನ್ನ ಕಡೆಗೆ ಬರುವ ಅಥವಾ ತನ್ನಿಂದ ದೂರ ಸರಿಯುವ ವೇಗವನ್ನು ಮಾತ್ರ. ಮಹಾ ವೇಗದ ವಿಮಾನವೂ ರೇಡಾರಿಗೆ ಅಡ್ಡಲಾಗಿ ಹಾರುವ ಗಳಿಗೆಯಲ್ಲಿ ನಿಂತ ಹಾಗೇ ಕಾಣುತ್ತದೆ. ನಿಧಾನದ್ದನ್ನೆಲ್ಲಾ ಅಳಿಸು ಎಂದರೆ ಆ ವಿಮಾನವೂ ಅಳಿಸಿಹೋಗುತ್ತದೆ.

ಮೂರನೆಯದು ನನಗೆ ಬಹಳ ಹಿಡಿಸಿದ್ದು, ಏಕೆಂದರೆ ಇದು ತಾಳ್ಮೆಯ ವಿಧಾನ. ಒಂದು ಸಲ ಕಂಡ ಚುಕ್ಕೆಯನ್ನು ನಂಬಬೇಡ. ರೇಡಾರಿನ ಆಂಟೆನಾ ಒಂದು ಸುತ್ತು ತಿರುಗಲು 10 ಸೆಕೆಂಡ್ ಎಂದುಕೊಳ್ಳಿ. ಅಷ್ಟರಲ್ಲಿ ಹೆಬ್ಬಾತು 150 ಮೀಟರ್ ಸಾಗುತ್ತದೆ, ವಿಮಾನ 2.3 ಕಿಲೋಮೀಟರ್ ಸಾಗುತ್ತದೆ. ನಾಲ್ಕೈದು ಸುತ್ತು ಕಾದು ಚುಕ್ಕೆಗಳನ್ನು ಗೆರೆ ಎಳೆದು ಜೋಡಿಸಿದರೆ ಯಾವುದರ ನಡೆ ಎಂತಹುದು ಎಂದು ತಿಳಿಯುತ್ತದೆ. ಅಲ್ಲಿಯವರೆಗೆ ಚುಕ್ಕೆಯನ್ನು ‘ಅನುಮಾನ’ದ ಪಟ್ಟಿಯಲ್ಲಿ ಇಟ್ಟುಕೊಳ್ಳುವುದು, ತೋರಿಸುವುದೂ ಇಲ್ಲ, ಎಸೆಯುವುದೂ ಇಲ್ಲ. ಬೆಲೆ ಏನೆಂದರೆ ಕಾಲ. ಐದು ಸುತ್ತು ಕಾದರೆ ಐವತ್ತು ಸೆಕೆಂಡ್ ಹೋಯಿತು. ಪ್ರಯಾಣಿಕರ ವಿಮಾನಕ್ಕೆ ಅದು ದೊಡ್ಡದಲ್ಲ. ಗಡಿಯಲ್ಲಿ ಕಾವಲು ಕೂತವನಿಗೆ ದೊಡ್ಡದು.

ನಾಗರಿಕ ವಿಮಾನಯಾನದಲ್ಲಿ ಇನ್ನೊಂದು ಸುಲಭ ದಾರಿ ಇದೆ. ನೆಲದಿಂದ ಪ್ರಶ್ನೆ ಕಳಿಸಿದರೆ ವಿಮಾನದೊಳಗಿನ ಯಂತ್ರವೇ ‘ನಾನು ಇಂಥವನು, ಇಷ್ಟು ಎತ್ತರದಲ್ಲಿದ್ದೇನೆ’ ಎಂದು ಉತ್ತರ ಕೊಡುತ್ತದೆ. ಹಾಜರಿ ಕೂಗಿದಂತೆ. ಹಕ್ಕಿ ‘ಹಾಜರ್ ಸರ್’ ಎನ್ನುವುದಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಕೆಟ್ಟ ಉದ್ದೇಶದಿಂದ ಬರುವವನೂ ಹಾಜರಿ ಹೇಳುವುದಿಲ್ಲವಲ್ಲ! ಹಾಗಾಗಿ ವಾಯುಸೇನೆಗೆ ಈ ದಾರಿ ಒಂದೇ ಸಾಲದು. ಹಕ್ಕಿ ಕೆಳಗೆ ಹಾರುತ್ತದೆ, ಅಲೆಯನ್ನು ಸ್ವಲ್ಪ ಮೇಲಕ್ಕೆತ್ತಿದರೆ ತಪ್ಪಿಸಬಹುದು ಎಂಬ ಉಪಾಯವೂ ಇದೆ. ಬಹುತೇಕ ಸರಿ. ನಮ್ಮ ಹೆಬ್ಬಾತು ಮಾತ್ರ ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರ ತಲುಪಿದ್ದನ್ನು ವಿಜ್ಞಾನಿಗಳು ಅದರ ಮೈಗೆ ಯಂತ್ರ ಕಟ್ಟಿ ದಾಖಲಿಸಿದ್ದಾರೆ.

ಈಗ ಕೆರೆಯ ಏರಿಯ ಆ ಇಬ್ಬರು ಮಕ್ಕಳನ್ನು ನೆನಪಿಸಿಕೊಳ್ಳಿ, ಜೊತೆಗೆ ನನ್ನ ಹತ್ತಕ್ಕೆ ಹತ್ತನ್ನೂ.

2022ರ ಡಿಸೆಂಬರ್ 26ರಂದು ಉತ್ತರ ಕೊರಿಯಾದ ಐದು ಸಣ್ಣ ಡ್ರೋನುಗಳು ಗಡಿ ದಾಟಿ ದಕ್ಷಿಣ ಕೊರಿಯಾದೊಳಗೆ ಬಂದವು. ಒಂದು ರಾಜಧಾನಿ ಸೋಲ್ ನಗರದ ಆಕಾಶದವರೆಗೂ ಹೋಯಿತು. ಅವರ ಸೇನೆಗೆ ಒಂದನ್ನೂ ಹೊಡೆದುರುಳಿಸಲು ಆಗಲಿಲ್ಲ, ದೇಶದಲ್ಲೆಲ್ಲಾ ಟೀಕೆ ಬಂತು. ಮಾರನೆಯ ದಿನ, 27ರಂದು, ರೇಡಾರಿನಲ್ಲಿ ಮತ್ತೆ ಚುಕ್ಕೆಗಳು. ಯುದ್ಧವಿಮಾನಗಳು ಎದ್ದವು, ಗಂಗ್ವಾ ದ್ವೀಪದ ಜನರ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಹೋಯಿತು. ನೋಡಿದರೆ ಹಕ್ಕಿಗಳ ಹಿಂಡು. ಮೊದಲ ದಿನ ನನ್ನ ಹುಡುಗಿಯ ತಪ್ಪು, ಎರಡನೆಯ ದಿನ ನನ್ನ ಹುಡುಗನ ತಪ್ಪು, ಇಪ್ಪತ್ತನಾಲ್ಕು ಗಂಟೆಯ ಅಂತರದಲ್ಲಿ. ಯಂತ್ರ ಅದೇ, ದೇಶ ಅದೇ. ಒಂದು ದಿನ ತಪ್ಪಿಸಿಕೊಂಡದ್ದರ ಭಯ ಮರುದಿನ ಎಲ್ಲವನ್ನೂ ಶತ್ರು ಮಾಡಿತು.

ಎರಡು ತಿಂಗಳೊಳಗೆ ಅಮೆರಿಕದಲ್ಲೂ ಇಂತಹದೇ ಆಯಿತು. ಚೀನಾದ ಒಂದು ದೊಡ್ಡ ಬಲೂನನ್ನು 2023ರ ಫೆಬ್ರವರಿ 4ರಂದು ಹೊಡೆದುರುಳಿಸಿದ ಬಳಿಕ ಅವರು ತಮ್ಮ ರೇಡಾರಿನ ವೇಗದ ಜರಡಿಯನ್ನು ಸಡಿಲಿಸಿದರು. ಇದುವರೆಗೆ ನಿಧಾನದ್ದು, ಸಣ್ಣದ್ದು ಎಂದು ಸೋಸಿ ಬಿಡುತ್ತಿದ್ದುದೆಲ್ಲಾ ಪರದೆಗೆ ಬರತೊಡಗಿತು. ಫೆಬ್ರವರಿ 10, 11, 12, ಮೂರು ದಿನ ಮೂರು ವಸ್ತುಗಳನ್ನು ಹೊಡೆದರು. ಅವು ಬಹುಶಃ ಖಾಸಗಿ ಅಥವಾ ಸಂಶೋಧನೆಯ ಬಲೂನುಗಳಿರಬೇಕು ಎಂದು ಆಮೇಲೆ ಅವರ ಅಧ್ಯಕ್ಷರೇ ಹೇಳಿದರು.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಇವೆರಡಕ್ಕಿಂತ ಹಳೆಯ ಘಟನೆ. 2009ರ ಜನವರಿ 15. ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಿಂದ ಎದ್ದ ಯು.ಎಸ್. ಏರ್‌ವೇಸ್ 1549ನೇ ವಿಮಾನ ಸುಮಾರು 2,800 ಅಡಿ ಎತ್ತರದಲ್ಲಿ ಕೆನಡಾ ಹೆಬ್ಬಾತುಗಳ ಹಿಂಡಿಗೆ ಡಿಕ್ಕಿ ಹೊಡೆಯಿತು. ಎರಡೂ ಎಂಜಿನುಗಳು ಶಕ್ತಿ ಕಳೆದುಕೊಂಡವು. ಪೈಲಟ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು, ಒಳಗಿದ್ದ 155 ಜನರೂ ಬದುಕಿದರು. ಈ ಕಥೆ ನಿಮಗೆ ಗೊತ್ತು, ಸಿನಿಮಾ ಕೂಡ ಬಂದಿದೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ ಇದು. ತನಿಖೆಯವರು ದಾಖಲಾಗಿದ್ದ ರೇಡಾರ್ ಮಾಹಿತಿಯನ್ನು ತೆಗೆದು ನೋಡಿದಾಗ ವಿಮಾನದ ದಾರಿಗೆ ಅಡ್ಡಲಾಗಿ ಸಾಲು ಚುಕ್ಕೆಗಳಿದ್ದವು. ರೇಡಾರಿನ ಮಾಹಿತಿಯಲ್ಲಿ ಅವು ಇದ್ದವು. ಆ ವಿಮಾನವನ್ನು ನೋಡಿಕೊಳ್ಳುತ್ತಿದ್ದ ನಿಯಂತ್ರಕರ ಪರದೆಯ ಮೇಲೆ ಮಾತ್ರ ಮೂಡಿರಲಿಲ್ಲ.

ರೇಡಾರಿನ ಭಾಷೆಯಲ್ಲಿ ಹುಸಿ ಗುರಿಗಳು, ಬೇಡದ ಕಸ. ಆ ದಿನ ವಿಮಾನಕ್ಕೆ ಅವುಗಳಿಗಿಂತ ನಿಜವಾದ ವಸ್ತು ಆಕಾಶದಲ್ಲಿ ಬೇರೊಂದಿರಲಿಲ್ಲ. ಹುಸಿ ಎನ್ನುವುದು ಹಕ್ಕಿಯ ಗುಣವಲ್ಲ, ನಾವು ಕೇಳುವ ಪ್ರಶ್ನೆಯ ಗುಣ. ‘ವಿಮಾನ ಎಲ್ಲಿ?’ ಎಂದು ಕೇಳಿದರೆ ಹೆಬ್ಬಾತು ಹುಸಿ. ‘ವಿಮಾನಕ್ಕೆ ಅಪಾಯ ಎಲ್ಲಿ?’ ಎಂದು ಕೇಳಿದರೆ ಅದೇ ನಿಜ. ಆದ್ದರಿಂದ ಹೊಸ ವಿದ್ಯೆ ಅಳಿಸುವುದರ ಕಡೆಗಲ್ಲ, ಬೇರ್ಪಡಿಸುವುದರ ಕಡೆಗೆ ಸಾಗಿದೆ. ಹಕ್ಕಿ ರೆಕ್ಕೆ ಬಡಿಯುತ್ತದೆ. ಹೆಬ್ಬಾತು ಸೆಕೆಂಡಿಗೆ ನಾಲ್ಕೈದು ಸಲ ಬಡಿಯುತ್ತದೆ. ಆ ಬಡಿತಕ್ಕೆ ಪ್ರತಿಧ್ವನಿಯೂ ನಾಡಿಯಂತೆ ಏರಿಳಿಯುತ್ತದೆ. ಡ್ರೋನಿನ ರೆಕ್ಕೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಅದರ ಗುರುತೇ ಬೇರೆ. ಗಾತ್ರ ಒಂದೇ ಇದ್ದರೂ ನಾಡಿ ಹಿಡಿದು ನೋಡಿ ಇದು ಜೀವ, ಇದು ಯಂತ್ರ ಎಂದು ವಿಂಗಡಿಸಬಹುದು. ವಿಂಗಡಿಸಿದ ಮೇಲೆ ಹಕ್ಕಿಯನ್ನು ಬಿಸಾಡದೆ ಇನ್ನೊಂದು ಪರದೆಗೆ ಕಳಿಸಬಹುದು. ಯೂರೋಪಿನ ವಾಯುಸೇನೆಗಳು ರೇಡಾರಿನಲ್ಲಿ ಕಂಡ ವಲಸೆ ಹಕ್ಕಿಗಳ ಬಗ್ಗೆ ಪೈಲಟ್‌ಗಳಿಗೆ ‘ಬರ್ಡ್‌ಟ್ಯಾಮ್’ ಎಂಬ ಸೂಚನೆ ಹೊರಡಿಸುತ್ತವೆ. ಮಳೆಯ ಮುನ್ಸೂಚನೆ ಇದ್ದ ಹಾಗೆ ಹಕ್ಕಿಯ ಮುನ್ಸೂಚನೆ.

ಇದೆಲ್ಲಾ ಪರದೇಶದ ಮಾತು ಎಂದುಕೊಳ್ಳಬೇಡಿ. ರೇಡಾರಿನ ಕೆಲಸ ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಎಲ್.ಆರ್.ಡಿ.ಇ. ಪ್ರಯೋಗಾಲಯವಿದೆ. ರೇಡಾರ್ ವಿನ್ಯಾಸವೇ ಅದರ ಕೆಲಸ. ಜಾಲಹಳ್ಳಿಯಲ್ಲಿ 1954ರಲ್ಲಿ ಆರಂಭವಾದ ಬಿ.ಇ.ಎಲ್. ಕಾರ್ಖಾನೆ ಅವುಗಳನ್ನು ತಯಾರಿಸುತ್ತದೆ. ಇಂದ್ರ, ರೋಹಿಣಿ, ಭರಣಿ, ಅಶ್ಲೇಷಾ ಎಂದು ನಕ್ಷತ್ರಗಳ, ದೇವತೆಗಳ ಹೆಸರುಗಳು. ಇವುಗಳಲ್ಲಿ ಭರಣಿ, ಅಶ್ಲೇಷಾ ಕೆಳಮಟ್ಟದಲ್ಲಿ ನುಸುಳಿ ಬರುವ ವಿಮಾನ, ಡ್ರೋನುಗಳನ್ನು ಹಿಡಿಯಲು ಮಾಡಿದವು. ಕೆಳಮಟ್ಟ ಎಂದರೆ ಹಕ್ಕಿಗಳ ಬೀದಿ. ಹಾಗಾಗಿ ಹಕ್ಕಿಯನ್ನು ತಿಳಿಯದೆ ಆ ರೇಡಾರನ್ನು ಮಾಡುವಂತಿಲ್ಲ. ಕೆರೆಗೆ ಮಕ್ಕಳನ್ನು ಕರೆದೊಯ್ದಾಗ ಒಬ್ಬ ಪೋಷಕರು ‘ಹಕ್ಕಿ ನೋಡಿದರೆ ಯಾವ ನೌಕರಿ ಸಿಗುತ್ತೆ ಸಾಹೇಬ್ರೇ?’ ಎಂದು ಕೇಳಿದ್ದರು. ಅಂದು ಉತ್ತರ ಹೊಳೆಯಲಿಲ್ಲ. ಅವರು ಇಂದು ಸಭೆಯಲ್ಲಿದ್ದಾರೆ, ಆದ್ದರಿಂದ ಈಗ ಹೇಳಿದ್ದೇನೆ.

ಹಕ್ಕಿ ನೋಡಿಯೇ ದೇಶಕ್ಕೆ ಉಪಕಾರ ಮಾಡಿದವರು ಸಲೀಂ ಅಲಿ. 1896ರಲ್ಲಿ ಹುಟ್ಟಿ 1987ರಲ್ಲಿ ತೀರಿಕೊಂಡ ಇವರ ಬಳಿ ಕಾಲೇಜಿನ ಪದವಿ ಇರಲಿಲ್ಲ. ನಮ್ಮ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಇವರ ಮಾತಿನಿಂದ. ಇವರು ಬೆಳೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರ ದಶಕದಲ್ಲಿ ರಕ್ಷಣಾ ಇಲಾಖೆಗಾಗಿ ದೇಶದ ವಿಮಾನ ನಿಲ್ದಾಣಗಳ ಹಕ್ಕಿಗಳನ್ನು ಅಧ್ಯಯನ ಮಾಡಿತು. ಹಕ್ಕಿ ಅಲ್ಲಿಗೆ ಏಕೆ ಬರುತ್ತದೆ? ಬಹಳ ಕಡೆ ಉತ್ತರ ಒಂದೇ. ನಿಲ್ದಾಣದ ಸುತ್ತಮುತ್ತ ಬಿಸಾಡಿದ ಕಸ ಮತ್ತು ಮಾಂಸದ ತ್ಯಾಜ್ಯ.

ಇಲ್ಲಿ ನಾನು ಸ್ವಲ್ಪ ಮುಜುಗರದ ಮಾತು ಆಡಬೇಕು. ಹಿರಿಯರು ಕ್ಷಮಿಸಬೇಕು. ನಮ್ಮ ನಂಜನಗೂಡು ರಸ್ತೆಯಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣವಿದೆ. 2010ರಲ್ಲಿ ಹೊಸದಾಗಿ ಉದ್ಘಾಟನೆಯಾಯಿತು. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಸುತ್ತಳತೆಯಲ್ಲಿ ಪ್ರಾಣಿಗಳನ್ನು ಕಡಿದು ಸುಲಿಯುವುದು, ಹಕ್ಕಿ ಸೇರುವಂತೆ ಕಸ ಸುರಿಯುವುದು ಕೂಡದು ಎಂದು 1937ರ ವಿಮಾನ ನಿಯಮಗಳ 91ನೇ ನಿಯಮ ಹೇಳಿತ್ತು. ಈ ರಸ್ತೆಯ ಎಷ್ಟೋ ಹಳ್ಳಿಗಳು ಆ ಅಳತೆಯೊಳಗೆ ಬರುತ್ತವೆ. ಬಕ್ರೀದ್ ಮುಗಿದ ಮಾರನೆಯ ದಿನ ಬಯಲಿನ ಮೇಲೆ ಹದ್ದುಗಳು ಸುತ್ತುವುದನ್ನು ನಾವೆಲ್ಲರೂ ನೋಡಿದ್ದೇವೆ. ಮದುವೆಯ ಮಾರನೆಯ ದಿನ ರಸ್ತೆ ಬದಿಯ ಬಿರಿಯಾನಿ ಎಲೆ, ಮೂಳೆಗಳನ್ನೂ ನೋಡಿದ್ದೇವೆ. ಇದು ನಮ್ಮೊಬ್ಬರ ಮಾತಲ್ಲ, ಕೋಳಿ ಅಂಗಡಿಗಳು, ಹೋಟೆಲುಗಳು, ಜಾತ್ರೆಗಳು ಎಲ್ಲವೂ ಇದರಲ್ಲಿ ಸೇರಿವೆ. ಆದರೆ ನಾನು ನಿಂತಿರುವುದು ನಮ್ಮ ಸಭೆಯಲ್ಲಿ, ಆದ್ದರಿಂದ ನಮ್ಮ ಮಾತನ್ನು ಮೊದಲು ಆಡುತ್ತೇನೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಜರಡಿ ಹಿಡಿದು ಸೋಸಬೇಕಾದ ಒಂದಷ್ಟು ಚುಕ್ಕೆಗಳನ್ನು ಎರಡಡಿ ಗುಂಡಿ ತೋಡಿ ಕರುಳು ಹೂತರೆ ನಾವೇ ಕಡಿಮೆ ಮಾಡಬಹುದು. ಹೆಬ್ಬಾತು ಬರುವುದನ್ನು ನಿಲ್ಲಿಸಲಾಗದು, ನಿಲ್ಲಿಸಲೂಬಾರದು. ಹದ್ದನ್ನು ಕರೆಯುವವರು ನಾವು. ಈ ವರ್ಷದ ಹಬ್ಬಕ್ಕೆ ಸಂಘದ ಯುವಕರು ಗುಂಡಿ ತೋಡುವ ಕೆಲಸ ವಹಿಸಿಕೊಳ್ಳಲಿ ಎಂದು ಕಾರ್ಯದರ್ಶಿಗಳಲ್ಲಿ ಈಗಾಗಲೇ ವಿನಂತಿಸಿದ್ದೇನೆ. ಅವರು ತಲೆಯಾಡಿಸಿದ್ದಾರೆ, ನೀವೆಲ್ಲರೂ ಸಾಕ್ಷಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಪ್ರಕಟಣೆ. ಬರುವ ಡಿಸೆಂಬರ್ ರಜೆಯಲ್ಲಿ ಮತ್ತೆ ಹದಿನಾರು ಕೆರೆಗೆ ಹೋಗುತ್ತೇವೆ. ಟಿ. ನರಸೀಪುರದ ಮಕ್ಕಳು ಅದೇ ದಿನ ಕಗ್ಗಲೀಪುರ ಕೆರೆಗೆ. ಈ ಸಲ ಎಣಿಕೆಯ ಹಾಳೆಯಲ್ಲಿ ಒಂದಲ್ಲ, ಮೂರು ಕಾಲಂ ಹಾಕಿದ್ದೇನೆ. ಖಚಿತವಾಗಿ ಹೆಬ್ಬಾತು, ಖಚಿತವಾಗಿ ಬೇರೆ ಹಕ್ಕಿ, ಅನುಮಾನ. ಮೂರನೆಯ ಕಾಲಂ ಖಾಲಿ ಬಿಟ್ಟವರಿಗೆ ಅಂಕ ಕಡಿತ. ಅಂದು ಗದರಿಸಿಕೊಂಡ ಹುಡುಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಸಹಾಯಕ್ಕೆ ಬರುತ್ತೇನೆಂದು ಒಪ್ಪಿದ್ದಾನೆ, ದುರ್ಬೀನು ಅವನ ಕೈಯಲ್ಲಿರುತ್ತದೆ. ಸಂಜೆ ಹಿಂಡು ಗದ್ದೆ ಕಡೆ ಏಳುವವರೆಗೂ ಅಲ್ಲೇ ಇರುತ್ತೇವೆ. ಆದ್ದರಿಂದ ಮನೆಯಲ್ಲಿ ಮೊದಲೇ ಹೇಳಿ ಬನ್ನಿ. ಊಟದ ಡಬ್ಬಿ, ನೀರಿನ ಬಾಟಲಿ ತನ್ನಿ, ಖಾಲಿ ಪೊಟ್ಟಣಗಳನ್ನು ವಾಪಸು ಮನೆಗೆ ಒಯ್ಯಿರಿ.